ಸಿಪಾಯಿಗಳ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ

ಯುದ್ಧಗಳ ಚರಿತ್ರೆಯಲ್ಲಿ ಗೆದ್ದವರ ಹೆಸರುಂಟು, ಸೋತವರ ಹೆಸರೂ ಉಂಟು. ಸತ್ತವರ ಲೆಕ್ಕವೂ ಒಮ್ಮೊಮ್ಮೆ ದೊರೆಯುತ್ತದೆ. ಆದರೆ ಸಾಯದೆ ಉಳಿದು, ಕೈಯನ್ನೋ ಕಾಲನ್ನೋ ರಣರಂಗದಲ್ಲಿ ಬಿಟ್ಟು ಊರಿಗೆ ಮರಳಿದ ಸಾಮಾನ್ಯ ಸೈನಿಕನ ಕಥೆಯನ್ನು ಬರೆದಿಟ್ಟವರು ವಿರಳ. ಹದಿನಾರನೆಯ ಶತಮಾನದ ಯುರೋಪಿನಲ್ಲಿ ಅಂತಹವರ ಸಂಖ್ಯೆ ಒಮ್ಮೆಲೇ ಬೆಳೆಯಿತು. ಕತ್ತಿ ಈಟಿಗಳು ಮಾಂಸವನ್ನು ಸೀಳುತ್ತಿದ್ದವು. ಹೊಸದಾಗಿ ಬಂದ ಕೋವಿ ಫಿರಂಗಿಗಳ ಗುಂಡು ಎಲುಬನ್ನು ಪುಡಿಮಾಡಿ, ಬಟ್ಟೆಯ ಚೂರನ್ನೂ ಮಣ್ಣನ್ನೂ ಗಾಯದ ಆಳಕ್ಕೆ ತುಂಬುತ್ತಿತ್ತು. ಇಂತಹ ಗಾಯಕ್ಕೆ ಗ್ರೀಕರ ಶಾಸ್ತ್ರದಲ್ಲಿ ಚಿಕಿತ್ಸೆ ಇರಲಿಲ್ಲ, ಏಕೆಂದರೆ ಗ್ರೀಕರು ಇಂತಹ ಗಾಯವನ್ನು ಕಂಡಿರಲಿಲ್ಲ. ಆ ಕಾಲದಲ್ಲಿ ಫ್ರಾನ್ಸಿನ ಸೇನೆಗಳ ಹಿಂದೆ ಕುದುರೆಯೇರಿ ಮೂವತ್ತು ವರ್ಷಗಳಿಗೂ ಮಿಕ್ಕಿ ತಿರುಗಿ, ಒಡೆದ ಅಂಗಗಳನ್ನು ಉಳಿಸಲು ಶ್ರಮಿಸಿ, ಉಳಿಸಲಾಗದಾಗ ಅವುಗಳಿಗೆ ಬದಲಿ ಅಂಗಗಳನ್ನು ಕಲ್ಪಿಸಿ, ಕಂಡದ್ದೆಲ್ಲವನ್ನೂ ತನ್ನ ತಾಯ್ನುಡಿಯಲ್ಲಿ ಬರೆದಿಟ್ಟವನು ಆಂಬ್ರ್ವಾಸ್ ಪಾರೆ.

ಪಾರೆ ಹುಟ್ಟಿದ್ದು 1510ರ ಸುಮಾರಿಗೆ, ಫ್ರಾನ್ಸಿನ ಲಾವಾಲ್ ಪಟ್ಟಣದ ಸಮೀಪದ ಒಂದು ಹಳ್ಳಿಯಲ್ಲಿ. ಮನೆಯವರು ಬಡವರು, ಕೈಕಸಬಿನವರು. ಅಂದಿನ ಫ್ರಾನ್ಸಿನಲ್ಲಿ ವೈದ್ಯವೃತ್ತಿಗೆ ಒಂದು ಬಗೆಯ ವರ್ಣವ್ಯವಸ್ಥೆಯಿತ್ತೆಂದರೆ ತಪ್ಪಾಗದು. ಎಲ್ಲಕ್ಕಿಂತ ಮೇಲೆ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಕಲಿತು, ನಿಲುವಂಗಿ ತೊಟ್ಟು, ರೋಗಿಯ ಮೈಯನ್ನು ಮುಟ್ಟದೆ ಔಷಧ ಹೇಳುವ ಪಂಡಿತ ವೈದ್ಯರು. ಅವರ ಕೆಳಗೆ ಸೇಂಟ್ ಕೋಮ್ ಎಂಬ ಸಂಘಕ್ಕೆ ಸೇರಿದ ಶಸ್ತ್ರವೈದ್ಯರು. ಎಲ್ಲರಿಗಿಂತ ಕೆಳಗೆ, ಗಡ್ಡ ಹೆರೆಯುವ ಕತ್ತಿಯಿಂದಲೇ ಕುರು ಕೊಯ್ದು ರಕ್ತ ಬಿಡಿಸುವ ಕ್ಷೌರಿಕರು. ಪಾರೆ ಈ ಕೊನೆಯ ಮೆಟ್ಟಿಲಿನಿಂದ ಹೊರಟವನು. ಲ್ಯಾಟಿನ್ ಅವನಿಗೆ ಬಾರದು, ಗ್ರೀಕ್ ಮೊದಲೇ ಬಾರದು. ಆದರೆ ಪ್ಯಾರಿಸಿನ ಓತೆಲ್ ದ್ಯೂ ಎಂಬ ಬಡವರ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿಯುವ ಅವಕಾಶ ಅವನಿಗೆ ದೊರೆಯಿತು. ಪುಸ್ತಕದಲ್ಲಿ ಇಲ್ಲದ ಎಷ್ಟೋ ಸಂಗತಿಗಳನ್ನು ಅವನು ಅಲ್ಲಿ ರೋಗಿಗಳ ಮೈಮೇಲೆಯೂ ಹೆಣಗಳ ಮೈಯೊಳಗೂ ಓದಿಕೊಂಡನು.

1537ರಲ್ಲಿ ದೊರೆ ಒಂದನೆಯ ಫ್ರಾನ್ಸಿಸನ ಸೇನೆ ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಯ ಟ್ಯೂರಿನ್ ಕಡೆಗೆ ನಡೆದಾಗ, ಪದಾತಿದಳದ ಮುಖ್ಯಾಧಿಕಾರಿ ಮೋಂತೆಜಾನನ ಶಸ್ತ್ರವೈದ್ಯನಾಗಿ ಪಾರೆಯೂ ಹೊರಟನು. ಯುದ್ಧವೆಂಬುದನ್ನು ಅವನು ಮೊದಲು ಕಂಡದ್ದು ಆಗಲೇ. ದಾರಿಯಲ್ಲಿ ಕುದುರೆಗಳನ್ನು ಕಟ್ಟಲೆಂದು ಅವನು ಒಂದು ಲಾಯದೊಳಕ್ಕೆ ಹೋದನು. ಒಳಗೆ ಸತ್ತ ಸೈನಿಕರು ಬಿದ್ದಿದ್ದರು. ಇನ್ನೂ ಮೂವರು ಗೋಡೆಗೆ ಒರಗಿ ಕುಳಿತಿದ್ದರು. ಅವರ ಮುಖಗಳು ಗುರುತು ಸಿಗದಂತೆ ವಿಕಾರವಾಗಿದ್ದವು, ಕಣ್ಣು ಕಾಣದು, ಕಿವಿ ಕೇಳದು, ಮಾತು ಹೊರಡದು. ಕೋವಿಮದ್ದಿನಿಂದ ಸುಟ್ಟ ಬಟ್ಟೆ ಇನ್ನೂ ಹೊಗೆಯಾಡುತ್ತಿತ್ತು. ಪಾರೆ ಮರುಕದಿಂದ ನೋಡುತ್ತ ನಿಂತಿರುವಾಗ ಮುದಿ ಸಿಪಾಯಿಯೊಬ್ಬನು ಬಂದು, ಇವರನ್ನು ಬದುಕಿಸಲು ಸಾಧ್ಯವೇ ಎಂದು ಕೇಳಿದನು. ಸಾಧ್ಯವಿಲ್ಲವೆಂದು ಪಾರೆ ಹೇಳಿದನು. ಮುದುಕನು ಕೋಪವಿಲ್ಲದೆ, ದ್ವೇಷವಿಲ್ಲದೆ, ಮೂವರ ಕತ್ತನ್ನೂ ಮೆಲ್ಲಗೆ ಕೊಯ್ದುಬಿಟ್ಟನು. ನೀನು ದುಷ್ಟನೆಂದು ಪಾರೆ ಕೂಗಿದಾಗ, ತನಗೂ ಇಂತಹ ಗತಿ ಬಂದರೆ ಯಾರಾದರೂ ಇದನ್ನೇ ಮಾಡಲೆಂದು ದೇವರನ್ನು ಬೇಡುತ್ತೇನೆಂದು ಆ ಮುದುಕ ಹೇಳಿ ಹೊರಟುಹೋದನು.

ಈ ಪ್ರಸಂಗವನ್ನು ಪಾರೆ ಸುಮಾರು ಐವತ್ತು ವರ್ಷಗಳ ಅನಂತರ, ಮುಪ್ಪಿನಲ್ಲಿ, ತನ್ನ ಪ್ರವಾಸಗಳ ಕಥನದಲ್ಲಿ ಬರೆದಿದ್ದಾನೆ. ಮುದುಕನ ಮಾತಿಗೆ ಅವನು ಅಲ್ಲಿ ಉತ್ತರ ಕೊಟ್ಟಿಲ್ಲ. ನನಗಾದರೋ ಅವನ ಮುಂದಿನ ಬಾಳನ್ನೆಲ್ಲ ಆ ಲಾಯದಲ್ಲಿ ಎದ್ದ ಪ್ರಶ್ನೆಗೆ ಉತ್ತರವೆಂದು ಓದಬಹುದೆಂದು ತೋರುತ್ತದೆ. ಹಾಳಾದ ದೇಹದ ಸಿಪಾಯಿಗೆ ಕತ್ತಿಯ ಮೊನೆಯೊಂದೇ ದಯೆಯೇ? ಇನ್ನೊಂದು ದಯೆಯಿದ್ದರೆ ಅದನ್ನು ಕಲಿಯುವ ಬಗೆ ಹೇಗೆ?

ಮೊದಲ ಪಾಠ ಅದೇ ದಂಡಯಾತ್ರೆಯಲ್ಲಿ ದೊರಕಿತು. ಕೋವಿಯ ಗಾಯದಲ್ಲಿ ಮದ್ದಿನ ವಿಷ ಸೇರಿರುತ್ತದೆ, ಅದನ್ನು ಕೊಲ್ಲಲು ಕುದಿಯುವ ಎಣ್ಣೆಯನ್ನು ಗಾಯಕ್ಕೆ ಹೊಯ್ಯಬೇಕು ಎಂಬುದು ಅಂದಿನ ಶಾಸ್ತ್ರ. ಇಟಲಿಯ ಜಿಯೊವಾನಿ ದ ವೀಗೊ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಗ್ರಂಥ ಅದಕ್ಕೆ ಆಧಾರ. ಅನುಭವವಿಲ್ಲದ ಪಾರೆ ಮಿಕ್ಕ ವೈದ್ಯರು ಮಾಡುವುದನ್ನು ಮೊದಲು ನೋಡಿ, ತಾನೂ ಎದೆ ಗಟ್ಟಿಮಾಡಿಕೊಂಡು ಹಾಗೆಯೇ ಮಾಡಿದನು. ಗಾಯಾಳುಗಳು ಹೆಚ್ಚಾಗಿ, ಒಂದು ಹೊತ್ತಿಗೆ ಎಣ್ಣೆ ಮುಗಿಯಿತು. ಬೇರೆ ದಾರಿಯಿಲ್ಲದೆ ಮೊಟ್ಟೆಯ ಹಳದಿ, ಗುಲಾಬಿಯ ಎಣ್ಣೆ, ಟರ್ಪೆಂಟೈನ್ ಇವುಗಳನ್ನು ಕಲಸಿ ಉಳಿದವರ ಗಾಯಗಳಿಗೆ ತಣ್ಣಗೆ ಹಚ್ಚಿದನು. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಸುಡದೆ ಬಿಟ್ಟವರೆಲ್ಲ ಬೆಳಗಾಗುವುದರೊಳಗೆ ವಿಷವೇರಿ ಸತ್ತಿರುತ್ತಾರೆಂದು ಹೆದರಿ, ನಸುಕಿನಲ್ಲೇ ಎದ್ದು ನೋಡಲು ಹೋದನು. ತಣ್ಣನೆಯ ಮದ್ದು ಪಡೆದವರು ಹೆಚ್ಚು ನೋವಿಲ್ಲದೆ, ಗಾಯ ಬಾಯದೆ, ಸುಖವಾಗಿ ಮಲಗಿದ್ದರು. ಕುದಿಯುವ ಎಣ್ಣೆ ಹೊಯ್ಸಿಕೊಂಡವರು ಜ್ವರದಿಂದ ಬೇಯುತ್ತಿದ್ದರು. ಅವರ ಗಾಯದ ಸುತ್ತ ಬಾವು, ನೋವು. ಕೋವಿಯ ಗಾಯವನ್ನು ಇನ್ನೆಂದಿಗೂ ಸುಡೆನೆಂದು ಪಾರೆ ಅಂದೇ ನಿಶ್ಚಯಿಸಿದನು.

ಎಣ್ಣೆ ಮುಗಿದದ್ದು ಆಕಸ್ಮಿಕವಿರಬಹುದು. ನಸುಕಿನಲ್ಲೆದ್ದು ಹೋಗಿ ಎರಡು ಸಾಲುಗಳನ್ನು ಹೋಲಿಸಿ ನೋಡಿದ್ದು ಆಕಸ್ಮಿಕವಲ್ಲ. ಹೋಲಿಸಿ ನೋಡುವುದು ಅವನ ಸ್ವಭಾವವೇ ಆಯಿತು. ಅಡುಗೆಮನೆಯ ಹುಡುಗನೊಬ್ಬ ಕಾದ ಎಣ್ಣೆಗೆ ಬಿದ್ದು ಸುಟ್ಟುಕೊಂಡಾಗ, ಹಸಿ ಈರುಳ್ಳಿಗೆ ಉಪ್ಪು ಸೇರಿಸಿ ಜಜ್ಜಿ ಹಚ್ಚಿದರೆ ಗುಳ್ಳೆ ಏಳದೆಂದು ಹಳ್ಳಿಯ ಮುದುಕಿಯೊಬ್ಬಳು ಹೇಳಿದಳು. ಪಾರೆ ಹಾಗೆಯೇ ಮಾಡಿದನು. ಈರುಳ್ಳಿ ತಾಗಿದಲ್ಲಿ ಗುಳ್ಳೆ ಏಳಲಿಲ್ಲ. ಅಷ್ಟಕ್ಕೇ ತೃಪ್ತನಾಗದೆ, ಮದ್ದು ಹೊತ್ತಿಕೊಂಡು ಮುಖ ಸುಟ್ಟಿದ್ದ ಒಬ್ಬ ಕಾವಲುಗಾರನ ಅರ್ಧ ಮುಖಕ್ಕೆ ಈರುಳ್ಳಿಯನ್ನೂ ಇನ್ನರ್ಧಕ್ಕೆ ವಾಡಿಕೆಯ ಔಷಧವನ್ನೂ ಹಚ್ಚಿ ಪರೀಕ್ಷಿಸಿದನು. ಹೇಳಿದವಳು ಅಕ್ಷರ ಬಾರದ ಮುದುಕಿಯೆಂಬುದು ಅವನಿಗೆ ಅಡ್ಡಿಯಾಗಲಿಲ್ಲ. ಅವನು ನಂಬಿದ ಔಷಧಗಳೆಲ್ಲ ಒಳ್ಳೆಯವೆಂದು ಹೇಳುವಂತಿಲ್ಲ. ನಾಯಿಮರಿಗಳನ್ನೂ ಎರೆಹುಳುಗಳನ್ನೂ ಬೇಯಿಸಿ ತೆಗೆದ ತೈಲವೊಂದರ ಗುಟ್ಟಿಗಾಗಿ ಟ್ಯೂರಿನ್ನಿನ ವೈದ್ಯನೊಬ್ಬನನ್ನು ಎರಡು ವರ್ಷ ಓಲೈಸಿದವನೂ ಇವನೇ. ತನ್ನ ಕಾಲದ ಮಣ್ಣು ಅವನ ಕಾಲಿಗೂ ಅಂಟಿತ್ತು.

ಪ್ಯಾರಿಸಿಗೆ ಮರಳಿ 1541ರಲ್ಲಿ ಅವನು ಕ್ಷೌರಿಕ ಶಸ್ತ್ರವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಅದೇ ವರ್ಷ ಮದುವೆಯಾದನು. ಪಂಡಿತರ ಗುಂಪಿನಲ್ಲಿಯೂ ಗುಣಗ್ರಾಹಿಗಳಿದ್ದರು. ಅಂಗರಚನಾಶಾಸ್ತ್ರದ ಹೆಸರಾಂತ ಅಧ್ಯಾಪಕ ಸಿಲ್ವಿಯಸನು ಇವನನ್ನು ಊಟಕ್ಕೆ ಕರೆದು, ಕೋವಿಯ ಗಾಯದ ವಿಚಾರವನ್ನೆಲ್ಲ ಕೇಳಿ, ಅದನ್ನು ಬರೆದು ಪ್ರಕಟಿಸುವಂತೆ ಒತ್ತಾಯಿಸಿದನು. ಹೀಗೆ 1545ರಲ್ಲಿ, ಕೋವಿಯ ಗಾಯಗಳ ಚಿಕಿತ್ಸೆಯನ್ನು ಕುರಿತ ಪಾರೆಯ ಮೊದಲ ಪುಸ್ತಕ ಫ್ರೆಂಚ್ ಭಾಷೆಯಲ್ಲಿ ಹೊರಬಂದಿತು.

ಎರಡನೆಯ ದೊಡ್ಡ ಹೆಜ್ಜೆ 1552ರದು. ಪುಡಿಯಾದ ಕಾಲನ್ನು ಕತ್ತರಿಸಿದ ಕೂಡಲೇ ನೆತ್ತರು ಚಿಮ್ಮುತ್ತದೆ. ಅದನ್ನು ನಿಲ್ಲಿಸಲು ಕೆಂಪಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವುದು ಆಗಿನ ಪದ್ಧತಿ. ಅರಿವಳಿಕೆಯ ಔಷಧವಿಲ್ಲದ ಕಾಲ. ಕೊಯ್ಯುವ ನೋವಿನ ಮೇಲೆ ಸುಡುವ ನೋವು; ಕೆಲವು ದಿನಗಳ ಮೇಲೆ ಸುಟ್ಟ ಕರಕು ಉದುರಿದಾಗ ಮತ್ತೆ ರಕ್ತ, ಮತ್ತೆ ಕಬ್ಬಿಣ. ಹೊಸ ಗಾಯಗಳಲ್ಲಿ ರಕ್ತನಾಳವನ್ನು ದಾರದಿಂದ ಕಟ್ಟುವ ಕ್ರಮ ಪುರಾತನರಿಗೆ ತಿಳಿದಿತ್ತು. ಅದನ್ನೇ ಅಂಗ ಕತ್ತರಿಸಿದ ಮೇಲೆ ಏಕೆ ಮಾಡಬಾರದೆಂದು ಪಾರೆ ಪ್ಯಾರಿಸಿನ ಇತರ ಶಸ್ತ್ರವೈದ್ಯರೊಡನೆ ಚರ್ಚಿಸಿದ್ದನು. ಡಾನ್‌ವಿಲೆ ಕೋಟೆಯ ಮುತ್ತಿಗೆಯ ಕಾಲದಲ್ಲಿ ಶತ್ರುಗಳ ಗುಂಡೊಂದು ಡೇರೆಯೊಳಕ್ಕೆ ನುಗ್ಗಿ ಒಬ್ಬ ಗೃಹಸ್ಥನ ಕಾಲನ್ನು ಮುರಿಯಿತು. ಪಾರೆ ಕಾಲನ್ನು ಕತ್ತರಿಸಿ, ಕಾಗೆಯ ಕೊಕ್ಕಿನಂತಹ ಚಿಮುಟದಿಂದ ರಕ್ತನಾಳಗಳನ್ನು ಹಿಡಿದೆಳೆದು ದಾರದಿಂದ ಕಟ್ಟಿದನು, ಕಬ್ಬಿಣವನ್ನು ಕಾಯಿಸಲಿಲ್ಲ. ಆ ಗೃಹಸ್ಥನು ಗುಣವಾಗಿ, ಮರದ ಕಾಲು ಕಟ್ಟಿಕೊಂಡು, ಸುಡಿಸಿಕೊಳ್ಳದೆ ಅಗ್ಗದಲ್ಲಿ ಪಾರಾದೆನೆಂದು ಹಿಗ್ಗುತ್ತ ಮನೆಗೆ ಹೋದನು.

ಈ ಪದ್ಧತಿ ಕೂಡಲೇ ಲೋಕವನ್ನು ಗೆಲ್ಲಲಿಲ್ಲವೆಂಬುದನ್ನೂ ಹೇಳಬೇಕು. ಒಂದೊಂದೇ ನಾಳವನ್ನು ಹುಡುಕಿ ಕಟ್ಟುವುದಕ್ಕೆ ನುರಿತ ಕೈ, ಜೊತೆಗೆ ಸಹಾಯಕರು ಬೇಕು. ನೆತ್ತರನ್ನು ಮೇಲೆಯೇ ತಡೆಹಿಡಿಯುವ ತಿರುಪಿನ ಪಟ್ಟಿಯನ್ನು ಅದೇ ಫ್ರಾನ್ಸಿನ ಜಾನ್ ಲೂಯಿ ಪೆತಿ ರೂಪಿಸಿದ್ದು 1718ರಲ್ಲಿ. ದಾರದೊಡನೆ ಗಾಯವನ್ನು ಹೊಗುವ ನಂಜನ್ನು ಕೊಲ್ಲುವ ಕ್ರಮವನ್ನು ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಪಾರೆ ಕಟ್ಟಿದ ಗಂಟು ಪೂರ್ಣವಾಗಿ ಫಲಿಸಲು ಮುನ್ನೂರು ವರ್ಷ ಕಾಯಬೇಕಾಯಿತು.

ಅದೇ 1552ರ ದಂಡಯಾತ್ರೆಯಲ್ಲಿ ಹನ್ನೆರಡು ಕತ್ತಿಯೇಟು ತಿಂದ ಸಿಪಾಯಿಯೊಬ್ಬನನ್ನು ಸಂಗಡಿಗರು ಸತ್ತವರ ಲೆಕ್ಕಕ್ಕೆ ಸೇರಿಸಿ ಗುಂಡಿಯನ್ನೂ ತೋಡಿದ್ದರು. ಸೇನೆ ಮರುದಿನ ಹೊರಡಬೇಕು. ಪಾರೆ ಅವನನ್ನು ಒಂದು ಗಾಡಿಯಲ್ಲಿ ಮಲಗಿಸಿಕೊಂಡು ಹೋಗಿ, ತಾನೇ ಮದ್ದು ಅರೆದು, ತಾನೇ ಗಾಯ ಕಟ್ಟಿ, ತಾನೇ ಗಂಜಿ ಬೇಯಿಸಿ ಕೊಟ್ಟು ಬದುಕಿಸಿದನು. ಆ ದಳದ ಸೈನಿಕರು ಸಂಬಳ ಬಂದ ದಿನ ತಲೆಗಿಷ್ಟೆಂದು ನಾಣ್ಯ ಕೂಡಿಸಿ ಅವನಿಗೆ ಕೊಟ್ಟರು. ಸಾಮಾನ್ಯ ಸಿಪಾಯಿಗಳ ನಡುವೆ ಅವನ ಹೆಸರು ಬೆಳೆದದ್ದು ಹೀಗೆ. ಆ ವರ್ಷದ ಕೊನೆಯಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನು ಮೆಟ್ಸ್ ನಗರವನ್ನು ಮುತ್ತಿದಾಗ, ಒಳಗಿದ್ದ ಫ್ರೆಂಚರು ಗಾಯಾಳುಗಳೆಲ್ಲ ಸಾಯುತ್ತಿದ್ದಾರೆಂದು ದೊರೆಗೆ ಹೇಳಿಕಳುಹಿಸಿದರು. ದೊರೆಯ ಕಡೆಯವರು ಇಟಲಿಯ ಕಪ್ತಾನನೊಬ್ಬನಿಗೆ ಲಂಚ ಕೊಟ್ಟು ಪಾರೆಯನ್ನು ಶತ್ರುಗಳ ಸಾಲಿನ ನಡುವೆಯೇ ನಗರದೊಳಕ್ಕೆ ಸೇರಿಸಿದರು. ಅವನನ್ನು ಕಂಡ ಸಿಪಾಯಿಗಳು, ಇನ್ನು ಗಾಯಗೊಂಡರೂ ಸಾಯೆವೆಂದು ಸಂತೋಷಪಟ್ಟರಂತೆ. ಮರುವರ್ಷ ಎದ್ಯಾಂ ಕೋಟೆ ಬಿದ್ದಾಗ ಅವನು ಸೆರೆಸಿಕ್ಕಿದನು. ಶತ್ರುಪಕ್ಷದ ಅಧಿಕಾರಿಯೊಬ್ಬನ ಕಾಲಿನ ಹಳೆಯ ಹುಣ್ಣನ್ನು ವಾಸಿಮಾಡಿ, ಅದನ್ನೇ ಬಿಡುಗಡೆಯ ಹಣವಾಗಿ ತೆತ್ತು ಮನೆಗೆ ಬಂದನು.

1561ರ ಮೇ ತಿಂಗಳಲ್ಲಿ ವೈದ್ಯನೇ ರೋಗಿಯಾದನು. ಸೀನ್ ನದಿಯನ್ನು ದಾಟುವಲ್ಲಿ ಅವನ ಕುದುರೆ ಒದ್ದು, ಎಡಗಾಲಿನ ಎರಡು ಎಲುಬುಗಳೂ ಮುರಿದು, ಚರ್ಮವನ್ನು ಸೀಳಿ ಹೊರಬಂದವು. ಗಾಳಿಗೆ ತೆರೆದುಕೊಂಡ ಇಂತಹ ಮುರಿತಕ್ಕೆ ಅಂದು ಕತ್ತರಿಸುವುದೇ ಚಿಕಿತ್ಸೆಯೆಂದು ಬಹುಮಂದಿ ಹೇಳುತ್ತಿದ್ದರು. ಪಾರೆ ಜೊತೆಯಲ್ಲಿದ್ದ ಶಸ್ತ್ರವೈದ್ಯನನ್ನು ಕರೆದು, ಸ್ನೇಹವನ್ನು ಮರೆತು ಯಾರೋ ಅಪರಿಚಿತನಿಗೆ ಮಾಡುವಂತೆ ಮಾಡಬೇಕು, ಕಾಲನ್ನು ಬಲವಾಗಿ ಎಳೆಯಬೇಕು, ಗಾಯ ಕಿರಿದಾಗಿದ್ದರೆ ಕತ್ತಿಯಿಂದ ಹಿರಿದುಮಾಡಿ ಎಲುಬಿನ ಚೂರುಗಳನ್ನು ಕೈಯಿಂದಲೇ ತೆಗೆಯಬೇಕು ಎಂದು ಬೇಡಿಕೊಂಡನು. ಹಾಗೆಯೇ ಮಾಡಲಾಯಿತು. ಕಾಲು ಉಳಿಯಿತು, ಅವನು ಕುಂಟದೆ ನಡೆದನು. ತನ್ನ ನೋವನ್ನೂ ಭಯವನ್ನೂ ಜ್ವರದ ದಿನಗಳನ್ನೂ ಮತ್ತೊಬ್ಬ ರೋಗಿಯ ವಿವರಗಳೋ ಎಂಬಂತೆ ಗ್ರಂಥದಲ್ಲಿ ಬರೆದನು.

ಎಲ್ಲ ಕಾಲುಗಳೂ ಹಾಗೆ ಉಳಿಯುವುದಿಲ್ಲ. 1564ರಲ್ಲಿ ಪ್ರಕಟವಾದ ಶಸ್ತ್ರವೈದ್ಯದ ಹತ್ತು ಪುಸ್ತಕಗಳೆಂಬ ಗ್ರಂಥದಲ್ಲಿ ಪಾರೆ ಕೃತಕ ಅಂಗಗಳ ಚಿತ್ರಗಳನ್ನು ಅಚ್ಚುಹಾಕಿಸಿದನು. ಪ್ಯಾರಿಸಿನಲ್ಲಿ ಬೀಗ ಮಾಡುವ ಕುಶಲಿಯೊಬ್ಬನಿದ್ದನು. ಜನ ಅವನನ್ನು ಲೊರೇನಿನ ಪುಟ್ಟಣ್ಣನೆಂಬಂತೆ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಪಾರೆಯ ಕಲ್ಪನೆ ಅವನ ಸುತ್ತಿಗೆಯಲ್ಲಿ ರೂಪ ತಾಳಿತು. ಕಬ್ಬಿಣದ ಕೈಯೊಳಗೆ ಒಂದೊಂದು ಬೆರಳಿಗೂ ಒಂದೊಂದು ಹಲ್ಲಿನ ಗಾಲಿ, ಅದನ್ನು ತಡೆಯುವ ಕೊಂಡಿ, ಹಿಂದಕ್ಕೆ ನೂಕುವ ಸ್ಪ್ರಿಂಗು. ಮತ್ತೊಂದು ಕೈಯಿಂದ ಬೆರಳನ್ನು ಮಡಿಸಿದರೆ ಮಡಿಸಿದಲ್ಲೇ ನಿಲ್ಲುತ್ತದೆ. ಗುಂಡಿಯನ್ನು ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ತೊಡೆಯ ಮೇಲೆ ಕತ್ತರಿಸಿದವನಿಗೆ ಕಬ್ಬಿಣದ ಕಾಲು; ನಿಂತಾಗ ಮೊಣಕಾಲು ಬೀಗ ಹಾಕಿದಂತೆ ಗಟ್ಟಿಯಾಗುತ್ತದೆ, ದಾರವೆಳೆದರೆ ಕುಳಿತುಕೊಳ್ಳಲು ಮಡಿಯುತ್ತದೆ. ಇವು ಹಣವುಳ್ಳವರಿಗೆ. ಅದೇ ಗ್ರಂಥದಲ್ಲಿ ಬಡವರಿಗಾಗಿ ಸಾದಾ ಮರದ ಕಾಲಿನ ಚಿತ್ರವನ್ನೂ ಅವನು ಕೊಟ್ಟಿದ್ದಾನೆ.

ಕತ್ತರಿಸುವಾಗಲೇ ಮುಂದೆ ಕಟ್ಟುವ ಕಾಲನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಅವನು ಬೋಧಿಸಿದನು. ಪಾದ ಮಾತ್ರ ಹೋಗಿದ್ದರೂ ಮೊಣಕಾಲಿನಿಂದ ಐದು ಬೆರಳು ಕೆಳಗೆ ಕತ್ತರಿಸಿದರೆ ಮರದ ಕಾಲಿನ ಮೇಲೆ ಭಾರ ಹಾಕಿ ನಡೆಯಲು ಅನುಕೂಲ. ಗುಂಡಿನಿಂದ ಪಾದ ಕಳೆದುಕೊಂಡು ಗುಣವಾದ ಕಪ್ತಾನನೊಬ್ಬನು, ಉಳಿದ ಉದ್ದನೆಯ ಮೋಟು ನಡೆಯುವಾಗ ಅಡ್ಡಬರುತ್ತದೆಂದು ತಾನಾಗಿಯೇ ಮತ್ತೆ ಕತ್ತರಿಸಿಕೊಂಡ ಸಂಗತಿಯನ್ನು ಅವನು ಬರೆದಿದ್ದಾನೆ. ಇಲ್ಲದ ಕಾಲು ನೋಯುತ್ತದೆಂದು, ಕತ್ತರಿಸಿ ಎಷ್ಟೋ ಕಾಲವಾದ ಮೇಲೂ ಗೋಳಾಡುವ ರೋಗಿಗಳನ್ನು ಕುರಿತೂ ಬರೆದಿದ್ದಾನೆ. ಅದನ್ನು ಭ್ರಾಂತಿಯೆಂದು ನಕ್ಕು ತಳ್ಳಿಹಾಕದೆ ದಾಖಲೆ ಮಾಡಿದ ಮೊದಲಿಗರಲ್ಲಿ ಅವನೊಬ್ಬನು.

ಪಾರೆಯ ಚಿಕಿತ್ಸೆಗಳಲ್ಲೆಲ್ಲ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು 1569ರದು. ಆಗ ಸ್ಪೇನಿನ ಆಳಿಕೆಗೆ ಒಳಪಟ್ಟಿದ್ದ ಫ್ಲಾಂಡರ್ಸ್ ಸೀಮೆಯಲ್ಲಿ, ಮೋನ್ಸ್ ಪಟ್ಟಣದ ಸಮೀಪ, ಆವ್ರೆಯ ಮಾರ್ಕ್ವಿಸನೆಂಬ ಸರದಾರನು ಮೊಣಕಾಲಿನ ಬಳಿ ಕೋವಿಯ ಗುಂಡು ತಗಲಿ, ಎಲುಬು ಮುರಿದು, ಏಳು ತಿಂಗಳಿಂದ ಮಲಗಿದ್ದನು. ಅವನ ಅಣ್ಣನ ಬಿನ್ನಹದ ಮೇರೆಗೆ ದೊರೆ ಒಂಬತ್ತನೆಯ ಚಾರ್ಲ್ಸನು ಪಾರೆಯನ್ನು ಕಳುಹಿಸಿದನು. ಪಾರೆ ಕಂಡದ್ದೇನು? ಎಡೆಬಿಡದ ಜ್ವರ, ಗುಳಿಬಿದ್ದ ಕಣ್ಣು, ಒಣಗಿದ ನಾಲಗೆ, ಸಾಯುವವನ ದನಿ. ತೊಡೆ ಊದಿಕೊಂಡು ಹಲವು ಬಾಯಿಗಳಿಂದ ದುರ್ಗಂಧದ ಕೀವು ಸೋರುತ್ತಿತ್ತು. ಕಾಲು ತಣ್ಣಗಾಗಿ ಮುದುಡಿತ್ತು. ಬೆನ್ನ ಕೆಳಗೆ ಅಂಗೈಯಗಲದ ಹಾಸಿಗೆಹುಣ್ಣು. ಮುಟ್ಟಿದರೆ ನೋವೆಂದು ಹಾಸಿಗೆಯ ಬಟ್ಟೆಯನ್ನು ಸುಮಾರು ಎರಡು ತಿಂಗಳಿಂದ ಬದಲಾಯಿಸಿರಲಿಲ್ಲ. ಪಾರೆ ತೋಟಕ್ಕೆ ಹೋಗಿ ಒಬ್ಬನೇ ತಿರುಗಾಡಿ, ದೇವರನ್ನು ಪ್ರಾರ್ಥಿಸಿ, ಮಾಡಬೇಕಾದುದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದನು.

ತೊಡೆಯನ್ನು ಎರಡು ಮೂರು ಕಡೆ ಕೊಯ್ದು ಕೀವಿಗೆ ದಾರಿಮಾಡಿ ಎಲುಬಿನ ಚೂರುಗಳನ್ನು ತೆಗೆದನು. ಪಕ್ಕದಲ್ಲಿಯೇ ಬೇರೊಂದು ಹಾಸಿಗೆಯನ್ನು ಶುಭ್ರವಾದ ಬಟ್ಟೆ ಹಾಸಿ ಸಿದ್ಧಪಡಿಸಿ ರೋಗಿಯನ್ನು ಅದಕ್ಕೆ ಎತ್ತಿ ಮಲಗಿಸಿದನು. ಹುಣ್ಣಿಗೆ ಒತ್ತದಂತೆ ಮೆತ್ತನೆಯ ದಿಂಬು ಇರಿಸಿದನು. ತಣ್ಣಗಾದ ಕಾಲಿಗೆ ಬಿಸಿ ಇಟ್ಟಿಗೆಯ ಶಾಖ, ಮೈಗೆಲ್ಲ ಬಿಸಿಬಟ್ಟೆಯ ಉಜ್ಜುವಿಕೆ. ಉಪವಾಸದಿಂದ ಸೊರಗಿದವನಿಗೆ ಮೊಟ್ಟೆ, ಹಣ್ಣು, ಮಾಂಸದ ಸಾರು. ನಿದ್ದೆ ಬಾರದವನಿಗಾಗಿ, ಎತ್ತರದಿಂದ ಹಂಡೆಯೊಳಕ್ಕೆ ನೀರು ಬೀಳುವಂತೆ ಮಾಡಿ ಮಳೆಯ ಸದ್ದನ್ನು ಏರ್ಪಡಿಸಿದನು. ಜ್ವರ ಇಳಿದ ಮೇಲೆ ಪಿಟೀಲು ಬಾರಿಸುವವರನ್ನೂ ಒಬ್ಬ ವಿದೂಷಕನನ್ನೂ ಕರೆಸಿದನು. ಒಂದು ತಿಂಗಳಲ್ಲಿ ರೋಗಿ ಕುರ್ಚಿಯಲ್ಲಿ ಕುಳಿತನು. ಕೋಟೆಯ ಬಾಗಿಲಲ್ಲಿ ಕುಳ್ಳಿರಿಸಿದರೆ ಹಾದುಹೋಗುವ ಜನರನ್ನು ನೋಡಿ ನಕ್ಕನು. ಹಳ್ಳಿಗರು ಬಂದು ಅವನ ಮುಂದೆ ಹಾಡಿ ಕುಣಿದರು. ಆರು ವಾರಗಳಲ್ಲಿ ಊರುಗೋಲು ಹಿಡಿದು ನಿಂತನು. ಕಾಲನ್ನು ಉಳಿಸುವುದೆಂದರೆ ಮನುಷ್ಯನನ್ನು ಇಡಿಯಾಗಿ ಉಳಿಸುವುದೆಂಬ ಅರಿವು ಇಲ್ಲಿದೆ. ಲಾಯದ ಮುದುಕನಿಗೆ ಉತ್ತರ ಕೊಡಬಲ್ಲ ವಿದ್ಯೆ ಈ ಹೊತ್ತಿಗೆ ಅವನ ಕೈಗೆ ಬಂದಿತ್ತು.

ಆದರೂ ವಿದ್ಯೆಗೆ ಎಟುಕದ್ದೊಂದು ಇದೆಯೆಂಬುದನ್ನು 1572 ತೋರಿಸಿತು. ಆಗಸ್ಟ್ 22ರಂದು ಪ್ರಾಟೆಸ್ಟೆಂಟರ ನಾಯಕ ಕೊಲಿನ್ಯಿಯ ಮೇಲೆ ಪ್ಯಾರಿಸಿನ ಬೀದಿಯಲ್ಲಿ ಗುಂಡು ಹಾರಿತು. ಪಾರೆ ಅವನ ಚೂರಾದ ಬೆರಳನ್ನು ಕತ್ತರಿಸಿ, ತೋಳಿನಿಂದ ಗುಂಡನ್ನು ತೆಗೆದು, ಗಾಯವನ್ನು ಕಟ್ಟಿದನು. ಎರಡು ದಿನಗಳ ಮೇಲೆ ಸೇಂಟ್ ಬಾರ್ತೊಲೊಮ್ಯೂ ಹಬ್ಬದ ಆ ಘೋರ ಹತ್ಯಾಕಾಂಡದಲ್ಲಿ ಕೊಲಿನ್ಯಿಯನ್ನು ಅವನ ಮನೆಯಲ್ಲಿಯೇ ಕೊಂದು ಕಿಟಕಿಯಿಂದ ಹೊರಕ್ಕೆ ಎಸೆದರು.

1575ರಲ್ಲಿ ಪಾರೆಯ ಸಮಗ್ರ ಗ್ರಂಥಗಳು ಒಂದೇ ಸಂಪುಟವಾಗಿ ಹೊರಬಂದಾಗ ಪ್ಯಾರಿಸಿನ ವೈದ್ಯಪಂಡಿತರ ಸಹನೆ ಮುಗಿಯಿತು. ನಾಲ್ಕು ದೊರೆಗಳ ಶಸ್ತ್ರವೈದ್ಯನಾದವನನ್ನು, 1554ರಲ್ಲಿಯೇ ಸೇಂಟ್ ಕೋಮ್ ಸಂಘವು ಲ್ಯಾಟಿನ್ ಬಾರದಿದ್ದರೂ ಸೇರಿಸಿಕೊಂಡಿದ್ದವನನ್ನು, ಅವರು ನೇರವಾಗಿ ಕೆಳಗಿಳಿಸುವಂತಿರಲಿಲ್ಲ. ಗೂರ್ಮೆಲೆನ್ ಎಂಬ ಪಂಡಿತನ ಮುಂದಾಳುತನದಲ್ಲಿ, ಆ ಗ್ರಂಥದ ಮಾರಾಟವನ್ನೇ ತಡೆಯಬೇಕೆಂದು ವ್ಯಾಜ್ಯ ಹೂಡಿದರು. ಕ್ಷೌರಿಕನೊಬ್ಬನು ಜ್ವರದಂತಹ ವಿಷಯವನ್ನು ಬರೆಯುವುದೇ ಅಪರಾಧ. ಅದನ್ನು ಜನದ ಭಾಷೆಯಲ್ಲಿ ಬರೆಯುವುದು ಇನ್ನೂ ದೊಡ್ಡ ಅಪರಾಧ. ಪಾರೆ ಹಿಂಜರಿಯಲಿಲ್ಲ. 1585ರಲ್ಲಿ ಅವನು ಬರೆದ ಉತ್ತರದ ತುಂಬ ಕೋಟೆಗಳ ಹೆಸರುಗಳು, ಗಾಯಾಳುಗಳ ಕಥೆಗಳು. ಪೀಠದ ಮೇಲೆ ಕುಳಿತು ಬರೆದವನಿಗೂ ರಣರಂಗದಲ್ಲಿ ನಿಂತು ಕಲಿತವನಿಗೂ ಇರುವ ಅಂತರ ಒಂದೊಂದು ಪುಟದಲ್ಲೂ ಕಾಣುತ್ತದೆ.

ಕನ್ನಡವನ್ನು ಪಾಠ ಹೇಳುವ ನನಗೆ ಈ ವ್ಯಾಜ್ಯ ದೂರದ ದೇಶದ್ದೆಂದು ತೋರುವುದಿಲ್ಲ. ಶಾಸ್ತ್ರಕ್ಕೆ ಬೇಕಾದ ಮಾತು ತಾಯ್ನುಡಿಯಲ್ಲಿಲ್ಲವೆಂದು ಹೇಳುವವರನ್ನು ನಾವೂ ಬಲ್ಲೆವು. ಪಾರೆಗೆ ಭಾಷಾಭಿಮಾನದ ಸಿದ್ಧಾಂತವೇನೂ ಇರಲಿಲ್ಲ. ಬೇರೆ ಭಾಷೆ ಬರುತ್ತಿರಲಿಲ್ಲ, ಅಷ್ಟೆ. ಅದಕ್ಕಿಂತ ಮುಖ್ಯವಾಗಿ, ಅವನು ಬರೆದದ್ದು ತನ್ನಂತೆಯೇ ಲ್ಯಾಟಿನ್ ಬಾರದ, ನಾಳೆ ಯಾವುದೋ ಡೇರೆಯಲ್ಲಿ ಗಾಯಾಳುವಿನ ಮುಂದೆ ಮಂಡಿಯೂರಬೇಕಾದ ಎಳೆಯ ಕ್ಷೌರಿಕರಿಗಾಗಿ. ಹೇಳಬೇಕಾದುದು ಕಣ್ಣೆದುರಿಗಿದ್ದಾಗ, ಕೇಳಬೇಕಾದವನು ಯಾರೆಂಬುದು ಗೊತ್ತಿದ್ದಾಗ, ಭಾಷೆ ತಾನಾಗಿ ಬೆಳೆಯಿತು. 1582ರಲ್ಲಿ ಅವನ ಶಿಷ್ಯ ಗಿಯೆಮೋ ಆ ಗ್ರಂಥವನ್ನು ಲ್ಯಾಟಿನ್ನಿಗೆ ತಂದನು. 1634ರಲ್ಲಿ ಇಂಗ್ಲಿಷಿನಲ್ಲಿಯೂ ಅದು ಅಚ್ಚಾಯಿತು. ಫ್ರೆಂಚನ್ನು ಹಳಿದ ಪಂಡಿತರ ಭಾಷೆಯೇ ಕೊನೆಗೆ ಫ್ರೆಂಚಿನಿಂದ ಸಾಲ ಪಡೆಯಬೇಕಾಯಿತು.

1590ರಲ್ಲಿ ನಾಲ್ಕನೆಯ ಹೆನ್ರಿಯ ಸೇನೆ ಪ್ಯಾರಿಸನ್ನು ಮುತ್ತಿ ಕುಳಿತಿತ್ತು. ಊರಿನ ಒಳಗೆ ಜನ ಹಸಿವಿನಿಂದ ಸಾಯುತ್ತಿದ್ದರು. ಶರಣಾಗಬಾರದೆಂದು ಹಟ ಹಿಡಿದ ಮುಖಂಡರಲ್ಲಿ ಲಿಯೋನಿನ ಆರ್ಚ್‌ಬಿಷಪ್ಪನೂ ಒಬ್ಬನು. ಸೇಂಟ್ ಮಿಷೆಲ್ ಸೇತುವೆಯ ಬಳಿ ಬಡಜನ ಅವನನ್ನು ಮುತ್ತಿಕೊಂಡು ಅನ್ನವನ್ನಾದರೂ ಕೊಡಿ, ಇಲ್ಲವೆ ಸಾವನ್ನಾದರೂ ಕೊಡಿ ಎಂದು ಅಳುತ್ತಿದ್ದರು. ಎಂಬತ್ತರ ಅಂಚಿನ ಪಾರೆ ಅಲ್ಲಿಗೆ ಬಂದು, ಆ ಪ್ರಭುವನ್ನು ನಡುಬೀದಿಯಲ್ಲಿಯೇ ತಡೆದು, ಈ ಜನರ ಗೋಳು ದೇವರ ಬಳಿ ಕೂಗುತ್ತಿದೆ, ಶಾಂತಿಯನ್ನು ತಂದುಕೊಡಬೇಕು ಎಂದು ಗಟ್ಟಿಯಾಗಿ ಹೇಳಿದನು. ಆರ್ಚ್‌ಬಿಷಪ್ಪನು ಆ ಮಾತಿಗೆ ತತ್ತರಿಸಿಹೋದನೆಂದು ಅಂದಿನ ದಿನಚರಿಕಾರನೊಬ್ಬನು ಬರೆದಿಟ್ಟಿದ್ದಾನೆ. ಆಗಸ್ಟ್ ಕೊನೆಯಲ್ಲಿ ಮುತ್ತಿಗೆ ತೆರವಾಯಿತು. ಡಿಸೆಂಬರ್ 20ರಂದು ಪಾರೆ ತನ್ನ ಮನೆಯಲ್ಲಿ ತೀರಿಕೊಂಡನು.

ಅವನನ್ನು ಹೂಳಿದ ಸೇಂಟ್ ಆಂದ್ರೆ ಚರ್ಚು ಈಗ ಇಲ್ಲ. ಲಾವಾಲ್ ಪಟ್ಟಣದಲ್ಲಿ 1840ರಲ್ಲಿ ನಿಲ್ಲಿಸಿದ ಅವನ ಪ್ರತಿಮೆಯಿದೆ. ಪಾರೆ ರೋಗಿಗೆ ತಾನು ಮಾಡಿದ್ದನ್ನು ಹೇಳುವಾಗಲೆಲ್ಲ ಗುಣವಾದದ್ದನ್ನು ದೇವರ ಲೆಕ್ಕಕ್ಕೇ ಬರೆಯುತ್ತಿದ್ದನು. ತನ್ನ ಪಾಲಿಗೆ ಇಟ್ಟುಕೊಂಡದ್ದು ಗಾಯ ಕಟ್ಟಿದ ಕೆಲಸವನ್ನು ಮಾತ್ರ. ಆ ಕೆಲಸವನ್ನಾದರೋ ಅವನು ಐವತ್ತು ವರ್ಷ, ದೊರೆಯೆಂದೂ ಸಿಪಾಯಿಯೆಂದೂ ಎಣಿಸದೆ ಮಾಡಿದನು.